ಕೆಂಪು ಗೆರೆ ದಾಟಿದ ನೀರು

ನನ್ನ ಗಂಡ ಹಾಲ್ವರನ ಎದೆಯ ಆಪರೇಷನ್ ಮಂಗಳವಾರಕ್ಕೆ ನಿಗದಿಯಾಗಿತ್ತು. ಶನಿವಾರ ಬೆಳಿಗ್ಗೆ ನೋಡಿದರೆ ಆ ಮನುಷ್ಯ ಗ್ಯಾರೇಜಿನಲ್ಲಿ ನಿಂತು ಗಾಳಗಳನ್ನು ಒರೆಸುತ್ತಿದ್ದಾನೆ!

"ಏನು ಮಾಡ್ತಿದ್ದೀಯ?" ಎಂದೆ.

"ಧೂಳು ಕಣೇ. ಒರೆಸ್ತಿದ್ದೀನಿ."

"ಧೂಳು ಒರೆಸೋಕೆ ಟೋಪಿ ಯಾಕೆ? ಬೂಟು ಯಾಕೆ?"

ಸಿಕ್ಕಿಬಿದ್ದ ಮೇಲೆ ಹಾಲ್ವರ್ ಯಾವತ್ತೂ ವಾದ ಮಾಡುವುದಿಲ್ಲ. ಸುಮ್ಮನೆ ಮುಖ ನೋಡುತ್ತಾನೆ. ಮದುವೆಯಾದ ಹೊಸದರಲ್ಲಿ ಆ ನೋಟಕ್ಕೆ ಕರಗುತ್ತಿದ್ದೆ, ಈಗ ಮೈಯೆಲ್ಲ ಉರಿಯುತ್ತದೆ. "ಒಂದು ಸಲ ಕೆರೆಗೆ ಹೋಗಿ ಬರೋಣ ಅರ್ಡಿಸ್. ಮಂಗಳವಾರ ಆದ್ಮೇಲೆ ಏನೋ, ಎಂತೋ" ಎಂದ.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಭಾರ ಎತ್ತಬಾರದು, ಬಗ್ಗಬಾರದು, ಉದ್ವೇಗವಂತೂ ಆಗಲೇ ಕೂಡದು. ಮಸ್ಕಿ ಮೀನು ಹಿಡಿಯುವುದೆಂದರೆ ಈ ಮೂರೇ, ಬೇರೇನೂ ಅಲ್ಲ. ಆದರೂ ಒಪ್ಪಿದೆ. ಬೇಡ ಎಂದಿದ್ದರೆ ನಾನು ಪೇಟೆಗೆ ಹೋದಾಗ ಒಬ್ಬನೇ ಕದ್ದು ಹೋಗುತ್ತಿದ್ದ, ಅಷ್ಟು ನನಗೆ ಗೊತ್ತು.

"ಗಾಳ ಎಸೆಯೋದು ನಾನು. ನೀನು ಮೋಟರ್ ಹತ್ರ ಕೂತಿರ್ಬೇಕು. ಕೈ ಎತ್ತಿದ್ಯೋ, ಬೋಟು ವಾಪಸ್" ಎಂದೆ. ಅವನ ಮಾತ್ರೆಯ ಡಬ್ಬಿಯನ್ನು ನನ್ನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ.

ನಮ್ಮ ಟ್ಯಾಮರಾಕ್ ಕೆರೆಗೆ ಮಸ್ಕಿಗಳು ತಾವಾಗಿ ಬಂದವಲ್ಲ. ಹಾಲ್ವರ್ ಮತ್ತು ಅವನ ಗಾಳದ ಕ್ಲಬ್ಬಿನವರು ಚಂದಾ ಎತ್ತಿ, ಸಾಕಣೆ ಕೇಂದ್ರದಿಂದ ಗೇಣುದ್ದದ ಮರಿಗಳನ್ನು ತರಿಸಿ, ತೊಟ್ಟಿಗಳಲ್ಲಿ ಹೊತ್ತು ತಂದು ಬಿಟ್ಟದ್ದು. ಮೊದಲ ತಂಡದ ಮರಿಗಳಿಗೆ ಗುರುತಿಗೆಂದು ಹೊಟ್ಟೆಯ ಕೆಳಗಿನ ಎಡ ರೆಕ್ಕೆಯನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸಿದ್ದರು. ನನ್ನ ಹೊಲಿಗೆ ಪೆಟ್ಟಿಗೆಯ ಕತ್ತರಿಯೂ ಅಂದು ಅದೇ ಕೆಲಸಕ್ಕೆ ಹೋಗಿತ್ತು. ಒಂದು ಬೇಸಿಗೆಯಿಡೀ ಗಾಳ ಎಸೆದರೂ ಒಂದು ಮಸ್ಕಿ ಸಿಕ್ಕರೆ ಪುಣ್ಯ. ಆಳೆತ್ತರ ಬೆಳೆಯುತ್ತದೆ, ಬಾಯ್ತುಂಬ ಸೂಜಿಯಂಥ ಹಲ್ಲು. ಅಷ್ಟು ಕಷ್ಟಪಟ್ಟು ಹಿಡಿದರೂ ತಿನ್ನುವ ಹಾಗಿಲ್ಲ. ಅಪ್ಪಿಕೊಂಡು ಒಂದು ಫೋಟೋ ತೆಗೆಸಿ ವಾಪಸ್ ಬಿಟ್ಟುಬಿಡಬೇಕು. ಗಂಡಸರ ತಲೆಯೊಳಗೆ ಏನಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಅದರಲ್ಲೂ ಒಂದು ಕಟ್ಟುಪಾಡು. ನಡುಬೇಸಿಗೆಯಲ್ಲಿ ನೀರು ಕಾದಾಗ ಮಸ್ಕಿಗೆ ಗಾಳ ಹಾಕಬಾರದು. ಬಿಸಿ ನೀರಿನಲ್ಲಿ ಹೋರಾಡಿ ದಣಿದ ಮೀನಿಗೆ ಉಸಿರು ಸಾಲದು, ಬಿಟ್ಟರೂ ಸಾಯುತ್ತದೆ. ಹಾಲ್ವರನ ಥರ್ಮಾಮೀಟರಿನ ಮೇಲೆ ನನ್ನದೇ ಉಗುರುಬಣ್ಣದಿಂದ ಎಳೆದ ಒಂದು ಕೆಂಪು ಗೆರೆ ಇದೆ. ಪಾದರಸ ಆ ಗೆರೆ ದಾಟಿದರೆ ಬೋಟು ನೀರಿಗಿಳಿಯಬಾರದು. ದಡದಲ್ಲಿ ಅವನೇ ಬರೆದು ನೆಟ್ಟ ಬೋರ್ಡೂ ಇದೆ: "ನೀರು ಕಾದಿದೆ. ಮೀನನ್ನು ಕೊಲ್ಲಬೇಡಿ, ಮನೆಗೆ ಹೋಗಿ." ಪಕ್ಕದ ಮನೆಯ ಡೆಲ್ಬರ್ಟನ ಅಳಿಯ ಒಂದು ಸಲ ಆ ಬೋರ್ಡಿನ ಮುಂದೆಯೇ ಬೋಟು ಇಳಿಸಲು ಹೋಗಿ, ಹಾಲ್ವರನಿಂದ ಎಲ್ಲರೆದುರು "ಕೊಲೆಗಡುಕ" ಅನ್ನಿಸಿಕೊಂಡಿದ್ದ. ಅಂದಿನಿಂದ ಡೆಲ್ಬರ್ಟ್ ನಮ್ಮ ಬೇಲಿಯ ಹತ್ತಿರ ಬಂದು ಉಗಿದು ಹೋಗುವುದು ಬಿಟ್ಟರೆ ಬೇರೆ ಮಾತಿಲ್ಲ. ಅವನಿಗೆ ಮಸ್ಕಿ ಕಂಡರೇ ಆಗದು. ತಾನು ಹಿಡಿದು ಹುರಿಯಬೇಕಾದ ವಾಲೈ ಮೀನುಗಳನ್ನೂ ತಾನು ಬ್ರೆಡ್ಡು ಹಾಕಿ ಸಾಕುವ ಬಾತುಮರಿಗಳನ್ನೂ ಅವು ನುಂಗುತ್ತವೆ ಎಂಬುದು ಅವನ ತಕರಾರು.

ಬೋಟು ಕೊಲ್ಲಿಯ ಹುಲ್ಲಿನಂಚಿಗೆ ಬಂದಾಗ ಹಾಲ್ವರ್ ಥರ್ಮಾಮೀಟರನ್ನು ದಾರದಲ್ಲಿ ಇಳಿಬಿಟ್ಟ. ಎತ್ತಿ ನೋಡಿದ. ದಾರ ಸುತ್ತಿ ಜೇಬಿಗಿಟ್ಟುಕೊಂಡ.

"ಎಷ್ಟಿದೆ?"

"ಪರವಾಗಿಲ್ಲ."

ಕತ್ತೆ ನಾನು! ಅವನ ತುಟಿಯ ಬಣ್ಣ ನೋಡುತ್ತಿದ್ದೆನೇ ಹೊರತು ಥರ್ಮಾಮೀಟರನ್ನು ನೋಡಲಿಲ್ಲ.

ಎಸೆದೆ, ಎಳೆದೆ. ಎಸೆದೆ, ಎಳೆದೆ. ಭುಜ ಸೋತಿತು. ಪ್ರತಿ ಸಲ ಗಾಳ ಬೋಟಿನ ಪಕ್ಕ ಬಂದಾಗಲೂ ಹಿಂದಿನಿಂದ ಅವನ ಉಪದೇಶ.

"ಎಂಟು ಬರಿ, ಎಂಟು ಬರಿ! ಹಂಗೇ ಎತ್ಬೇಡ."

ಕೋಲಿನ ತುದಿಯನ್ನು ನೀರಿನೊಳಗಿಟ್ಟು, ಎರಡು ಸೊನ್ನೆ ಒಂದಕ್ಕೊಂದು ಅಂಟಿಸಿದ ಹಾಗೆ ಸುತ್ತು ಹೊಡೆಸಬೇಕು. ಬೋಟಿನವರೆಗೂ ಹಿಂಬಾಲಿಸಿ ಬಂದ ಮಸ್ಕಿ ಕೊನೇ ಗಳಿಗೆಯಲ್ಲಿ ಬಾಯಿ ಹಾಕುವುದು ಆ ಸುತ್ತಿಗೇ ಅಂತೆ. ಇಷ್ಟು ವರ್ಷದಲ್ಲಿ ನನಗಂತೂ ಒಂದೂ ಹಾಕಿರಲಿಲ್ಲ.

"ಬರೀತಿದ್ದೀನಲ್ಲ ಮಾರಾಯ. ಸ್ಕೂಲಲ್ಲೂ ಇಷ್ಟು ಬರೆದಿಲ್ಲ ನಾನು" ಎಂದು ತಿರುಗಿ ನೋಡಿದೆ. ಅವನು ನಗುತ್ತಿದ್ದ. ಮುಖದಲ್ಲಿ ಬಣ್ಣ ಬಂದಿತ್ತು. ಡಾಕ್ಟರಿಗೇನು ಗೊತ್ತು, ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಕೋಲು ನನ್ನ ಕೈಯಿಂದ ಕಿತ್ತುಹೋಗುವಷ್ಟು ಜೋರಾಗಿ ಬಗ್ಗಿತು.

ನೀರು ಒಡೆದು ಅದರ ತಲೆ ಮೇಲೆ ಬಂತು. ಅಯ್ಯೋ ದೇವರೇ, ಎಂಥಾ ತಲೆ! ಕಿರುಚಿದೆ. ಗಿರಗಿರನೆ ದಾರ ಓಡಿತು. ಅದು ಬೋಟಿನಡಿ ನುಗ್ಗಿತು, ಮತ್ತೆ ಹಾರಿತು, ನನ್ನನ್ನು ಅಂಚಿನವರೆಗೂ ಎಳೆಯಿತು. ಮಂಡಿ ಹಲಗೆಗೆ ಬಡಿದು ರಕ್ತ ಬಂದದ್ದು ಗೊತ್ತಾದದ್ದು ಮಾರನೆಯ ದಿನ. ಬೋಟು ಅಲುಗಾಡಿತು. ನೋಡಿದರೆ ಹಾಲ್ವರ್ ಬಲೆ ಹಿಡಿದು ನಿಂತಿದ್ದಾನೆ.

"ಕೂತ್ಕೋ! ಕೂತ್ಕೋ ಅಂದ್ರೆ!"

"ನೀನು ಕೋಲು ಹಿಡ್ಕೊಂಡು ಬಲೇನೂ ಹಿಡೀತೀಯೇನೇ? ತಲೆ ಈ ಕಡೆ ತಿರುಗಿಸು. ಹಾಂ, ಹಾಂ, ಹಂಗೇ..."

ಬಲೆಯೊಳಗೆ ಬಂತು. ಅವನು ಬೋಟಿನಂಚಿಗೆ ಎದೆಯೊತ್ತಿ ಬಗ್ಗಿ, ಬಲೆಯನ್ನು ನೀರಿನಲ್ಲೇ ಇಟ್ಟು, ಉದ್ದನೆಯ ಇಕ್ಕಳದಿಂದ ಕೊಕ್ಕೆ ಕಿತ್ತ. ಫೋಟೋ ಬೇಡವೇ ಎಂದು ಕೇಳಿದೆ. ಮೀನನ್ನು ಸ್ವಲ್ಪ ವಾಲಿಸಿ ಹೊಟ್ಟೆಯ ಕೆಳಗೆ ನೋಡಿದ. ಎಡ ರೆಕ್ಕೆ ಇರಬೇಕಾದಲ್ಲಿ ಮೊಂಡು ತುಂಡೊಂದಿತ್ತು.

"ಅರ್ಡಿಸ್, ಇದು ನಮ್ಮದು. ಆವತ್ತು ಬಿಟ್ಟಿದ್ದು."

"ಸರಿ, ಬಿಡು ಮತ್ತೆ. ಮನೆಗೆ ಹೋಗೋಣ."

ಬಿಟ್ಟ. ಅದು ಹೋಗಲಿಲ್ಲ. ನಿಧಾನವಾಗಿ ಪಕ್ಕಕ್ಕೆ ಮಗುಚಿತು, ಬೆಳ್ಳನೆಯ ಹೊಟ್ಟೆ ಮೇಲೆ ಬಂತು. ಹಾಲ್ವರ್ ಚಕ್ಕನೆ ಬಾಲದ ಬುಡ ಹಿಡಿದು ನೆಟ್ಟಗೆ ಮಾಡಿದ. ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಸುಸ್ತಾದ ಮೀನನ್ನು ಹೀಗೆ ಹಿಡಿದುಕೊಂಡಿರುವುದು ಇವರ ಪದ್ಧತಿ. ಕಿವಿರಾಡಿ, ಬಲ ಬಂದು, ತಾನಾಗಿ ಕೈಯಿಂದ ಜಾರಿ ಹೋಗುವವರೆಗೂ ಬಿಡುವಂತಿಲ್ಲ.

ಕಾದೆವು. ಬಿಸಿಲು ಏರಿತು. ಅದು ಬಾಯಿ ತೆರೆಯಿತು, ಮುಚ್ಚಿತು. ಅಷ್ಟೇ. ಹಾಲ್ವರ್ ಎರಡು ಸಲ ಕೈ ಸಡಿಲಿಸಿದ, ಎರಡು ಸಲವೂ ಮಗುಚಿತು. ಅವನ ಕತ್ತಿನಿಂದ ಬೆವರು ನೀರಿಗೆ ತೊಟ್ಟಿಕ್ಕುತ್ತಿತ್ತು.

"ಸಾಕು ಬಿಡೋ."

"ಬಿಟ್ರೆ ಸಾಯುತ್ತೆ."

"ನೀನು ಸಾಯ್ತೀಯ! ಮುಖ ನೋಡ್ಕೊ, ಬೂದಿ ಬಳಿದಂಗಿದೆ. ಮೀನಿಗೋಸ್ಕರ ನನ್ನ ಮುಂಡೆ ಮಾಡ್ತೀಯೇನೋ?"

ಅವನು ನನ್ನತ್ತ ನೋಡದೆಯೇ ಹೇಳಿದ. "ನೀರು ಕೆಂಪು ಗೆರೆ ದಾಟಿತ್ತು ಕಣೇ. ನೋಡಿಯೇ ಜೇಬಿಗೆ ಹಾಕ್ಕೊಂಡೆ. ಮಂಗಳವಾರ ಆದ್ಮೇಲೆ ಇದೆಲ್ಲ ಮತ್ತೆ ಸಿಗುತ್ತೋ ಇಲ್ವೋ ಅಂತ ಆಸೆ ಆಯ್ತು. ಒಂದು ಸಿಗುತ್ತೆ ಅಂತ ಯಾರಂದ್ಕೊಂಡಿದ್ರು? ಊರಿಗೆಲ್ಲ ಬೋರ್ಡು ಬರೆದೋನು ನಾನು. ನಾನೇ ಕೊಂದೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಎಡಗೈ ನೀರಿನಿಂದ ತಾನಾಗಿ ಹೊರಗೆ ಬಂದು ಎದೆಯನ್ನು ಅವುಚಿಕೊಂಡಿತ್ತು. ಆಗಲೂ ಬಲಗೈ ಬಾಲ ಬಿಟ್ಟಿರಲಿಲ್ಲ.

ಗುಂಡಿ ಕಿತ್ತು ಜೇಬಿನಿಂದ ಡಬ್ಬಿ ತೆಗೆದೆ, ಮಾತ್ರೆಯನ್ನು ಅವನ ನಾಲಗೆಯಡಿಗೆ ತುರುಕಿದೆ. "ಮಲಕ್ಕೋ" ಎಂದೆ. ಬಿಡುವುದಿಲ್ಲ ಎಂದು ತಲೆಯಾಡಿಸಿದ. ಬೇರೆ ದಾರಿ ಇರಲಿಲ್ಲ. "ನಾನು ಹಿಡ್ಕೋತೀನಿ, ನಿನ್ನಾಣೆ, ಬಿಡಲ್ಲ" ಎಂದು ಅವನ ಕೈಯ ಮೇಲೆ ಕೈಯಿಟ್ಟು ಬಾಲ ಹಿಡಿದುಕೊಂಡೆ. ಆಗ ಅವನು ಕೈ ತೆಗೆದು ಬೋಟಿನ ತಳಕ್ಕೆ ಒರಗಿದ.

ನಾನು ನೀರಿನತ್ತ ಬಗ್ಗಿದ್ದೆ. ಬೆನ್ನ ಹಿಂದೆ ಅವನು. ಕೈಯಲ್ಲಿ ಆ ಮೀನಿನ ಲೋಳೆಲೋಳೆಯ ಬಾಲ. ಹೋಗು ಮಾರಾಯ್ತಿ, ಹೋಗೇ, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಅದಕ್ಕೆ ಹೇಳುತ್ತಿದ್ದೆ. ಇದು ಹೋದರೆ ಇವನೂ ಉಳಿಯುತ್ತಾನೆ ಎಂಬ ಹುಚ್ಚು ಲೆಕ್ಕ ಅದು ಯಾವಾಗಲೋ ತಲೆಯೊಳಗೆ ಹೊಕ್ಕು ಕೂತಿತ್ತು.

"ಹಾಲ್ವರ್, ನೋವು ಹೆಂಗಿದೆ?"

"ಇದೆ."

"ಹಾಲ್ವರ್?"

"ಹೂಂ."

"ಹಾಲ್ವರ್?"

ಉತ್ತರ ಬರಲಿಲ್ಲ. ತಿರುಗಿದೆ. ಕಣ್ಣು ಮುಚ್ಚಿದ್ದವು, ತುಟಿ ನೀಲಿಯಾಗಿತ್ತು. ಬಾಲ ಬಿಟ್ಟುಬಿಟ್ಟೆ. ಯೋಚಿಸಿ ಬಿಟ್ಟದ್ದಲ್ಲ, ಕೈಯೇ ಬಿಟ್ಟಿತು. ಮೋಟರಿನ ಹಗ್ಗ ಎಳೆಯುವಾಗ ಒಂದು ಸಲ ನೋಡಿದೆ. ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮೋಟರಿನ ಸದ್ದಿಗೆ ಹಾಲ್ವರ್ ಕಣ್ಣು ಅರ್ಧ ತೆರೆದ.

"ಮೀನು?"

"ಹೋಯ್ತು!" ಎಂದು ಕೂಗಿದೆ. "ಹೋಯ್ತು, ಹೋಯ್ತು. ನೀನು ಸುಮ್ನಿರು."

ಹತ್ತಿರವಿದ್ದದ್ದು ಡೆಲ್ಬರ್ಟನ ಮನೆಯ ಮುಂದೆ ನೀರಿನ ಮೇಲೆ ಚಾಚಿದ, ಬೋಟು ಕಟ್ಟುವ ಹಲಗೆಕಟ್ಟೆ. ಬೋಟನ್ನು ಅದಕ್ಕೆ ನುಗ್ಗಿಸಿ ಒಂದು ಹಲಗೆ ಮುರಿದೆ. ಬ್ರೆಡ್ಡಿನ ಚೀಲ ಹಿಡಿದು ಬಾತುಗಳ ನಡುವೆ ನಿಂತಿದ್ದ ಡೆಲ್ಬರ್ಟ್ ಬೈಯಲು ಬಾಯಿ ತೆರೆದವನು ಬೋಟಿನೊಳಗೆ ನೋಡಿ ಚೀಲ ಬಿಸಾಕಿದ. ಆಂಬುಲೆನ್ಸಿಗೆ ಫೋನ್ ಮಾಡಿದವನು ಅವನೇ. ಹಾಲ್ವರನನ್ನು ದಡಕ್ಕೆ ಹೊತ್ತವನೂ ಅವನೇ.

ಮಂಗಳವಾರದ ಆಪರೇಷನ್ ಅಂದು ಸಂಜೆಯೇ ಆಯಿತು. ಚೆನ್ನಾಗಿ ಆಯಿತು ಎಂದರು ಡಾಕ್ಟರು. ಆಸ್ಪತ್ರೆಯ ಕಾಫಿ ಮೆಷಿನ್ನಿಗೆ ಹಣೆಯಿಟ್ಟು ಅತ್ತೆ.

ಆದರೆ ಹಾಲ್ವರ್ ಏಳಲೊಲ್ಲ. ತಟ್ಟೆ ಹಾಗೇ ವಾಪಸ್ ಹೋಗುತ್ತಿತ್ತು. ನಡೆಸಲು ನರ್ಸಮ್ಮ ಬಂದರೆ ಗೋಡೆಯತ್ತ ಹೊರಳುತ್ತಿದ್ದ. ಡಾಕ್ಟರು ನನ್ನನ್ನು ಹೊರಗೆ ಕರೆದರು. "ನೋಡಿ, ನಮ್ಮ ಕೆಲಸ ನಾವು ಮಾಡಿದ್ದೀವಿ. ಅವರು ಎದ್ದು ಓಡಾಡದಿದ್ರೆ ಶ್ವಾಸಕೋಶ ಕಟ್ಕೊಳ್ಳುತ್ತೆ, ಆಮೇಲೆ ಕಷ್ಟ. ನೀವೇ ಏನಾದ್ರೂ ಹೇಳಿ."

ಏನು ಹೇಳಲಿ? ಅವನು ಕೇಳುತ್ತಿದ್ದದ್ದು ಒಂದೇ.

"ಹೆಂಗೆ ಹೋಯ್ತು? ಬಾಲ ಬಡೀತಾ?"

"ಬಡೀತು. ಮುಖಕ್ಕೆಲ್ಲ ನೀರು ಎರಚಿ ಹೋಯ್ತು."

"ನೀನು ನನ್ನ ಕಡೆ ತಿರುಗಿದ್ದೆ, ಅರ್ಡಿಸ್. ಅಷ್ಟು ಗೊತ್ತಾಯ್ತು ನಂಗೆ."

"ತಿರುಗೋಕೆ ಮುಂಚೆ ಹೋಯ್ತು."

ಅವನು ಚಾವಣಿ ನೋಡಿದ. "ಆ ಬೋರ್ಡು ಕಿತ್ತು ಹಾಕು. ಇನ್ನು ಯಾರಿಗೂ ಹೇಳೋ ಮುಖ ಇಲ್ಲ ನಂಗೆ."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಕಿವಿ ಕೆಂಪಾಗುತ್ತದೆ ಎಂದು ನಮ್ಮಮ್ಮನೂ ಹೇಳುತ್ತಿದ್ದಳು.

ಬಟ್ಟೆ ತರಲು ಮನೆಗೆ ಹೋದಾಗ ಡೆಲ್ಬರ್ಟ್ ಬೇಲಿಯ ಹತ್ತಿರ ಸಲಿಕೆ ಹಿಡಿದು ನಿಂತಿದ್ದ. ಅವನ ಕುಂಬಳದ ಪಾತಿಯಲ್ಲಿ ಒಂದೆಡೆ ಹಸಿ ಮಣ್ಣು ಉದ್ದಕ್ಕೆ ಉಬ್ಬಿತ್ತು.

"ನನ್ನ ಕಟ್ಟೆ ಕೆಳಗೆ ಬಂದು ಬಿದ್ದಿತ್ತು. ನಾರುತ್ತೆ ಅಂತ ಹೂತುಹಾಕ್ದೆ. ಎಡಗಡೆ ರೆಕ್ಕೆ ಕತ್ತರಿಸಿದ್ದು. ನಿನ್ನ ಗಂಡನ ಕ್ಲಬ್ಬಿಂದು" ಎಂದ.

"ಡೆಲ್ಬರ್ಟ್, ನಿನ್ನ ದಮ್ಮಯ್ಯ, ಅವನಿಗೆ ಹೇಳ್ಬೇಡ."

"ಯಾಕೆ ಹೇಳ್ಬಾರ್ದು? ನನ್ನ ಅಳಿಯನ್ನ ಎಲ್ಲರ ಮುಂದೆ ಕೊಲೆಗಡುಕ ಅಂದ. ಅವನಿನ್ನೂ ಈ ಕೆರೆ ಕಡೆ ಕಾಲಿಟ್ಟಿಲ್ಲ, ಮೊಮ್ಮಕ್ಕಳ್ನೂ ಕರ್ಕೊಂಡು ಬರಲ್ಲ. ಈಗ ಬೋರ್ಡಿನ ಯಜಮಾನನೇ ಬಿಸಿನೀರಲ್ಲಿ ಗಾಳ ಹಾಕವ್ನೆ."

"ಅವನು ಊಟ ಮಾಡ್ತಿಲ್ಲ. ಏಳ್ತಿಲ್ಲ. ಅದು ಸತ್ತಿದ್ದು ಗೊತ್ತಾದ್ರೆ ಅವನೂ..."

ಡೆಲ್ಬರ್ಟ್ ಸಲಿಕೆಯ ಮಣ್ಣನ್ನು ಬೂಟಿನಿಂದ ಕೆರೆದ. "ನಾಳೆ ಆಸ್ಪತ್ರೆಗೆ ಬರ್ತೀನಿ."

"ಬೇಡ. ಬರ್ಬೇಡ."

"ಬಂದೇ ಬರ್ತೀನಿ" ಎಂದು ಬೆನ್ನು ತಿರುಗಿಸಿ ಹೋದ.

ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು! ಬೆಳಿಗ್ಗೆಯಿಂದ ಆಸ್ಪತ್ರೆಯ ಬಾಗಿಲಿಗೆ ನಾಯಿಯ ಹಾಗೆ ಕಾವಲು ಕೂತೆ. ಲಿಫ್ಟ್ ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಮಧ್ಯಾಹ್ನ ಹಾಲ್ವರ್ ನೀರು ಕೇಳಿದ. ತರಲು ಹೋಗಿ ಬರುವಷ್ಟರಲ್ಲಿ ಡೆಲ್ಬರ್ಟ್ ಚರ್ಚಿಗೆ ಹಾಕುವ ಕೋಟು ತೊಟ್ಟು, ಮಡಿಲಲ್ಲಿ ಸಿಹಿ ಪೈ ತಟ್ಟೆ ಇಟ್ಟುಕೊಂಡು ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದ.

"ನಂಗೆ ನಿನ್ ಹತ್ರ ಒಂದು ಮಾತಿದೆ ಹಾಲ್ವರ್" ಎಂದ ಡೆಲ್ಬರ್ಟ್.

"ಡೆಲ್ಬರ್ಟ್, ಅವನಿಗೆ ಸುಸ್ತು. ನೀನು ಹೊರಡು" ಎಂದೆ.

"ಹೇಳ್ಲಿ ಬಿಡು" ಎಂದ ಹಾಲ್ವರ್. ದನಿಯಲ್ಲಿ ಜೀವವಿರಲಿಲ್ಲ.

"ನಿನ್ನ ದರಿದ್ರ ಮೀನು ನಿನ್ನೆ ನನ್ನ ಬಾತುಮರಿ ನುಂಗ್ತು."

ಹಾಲ್ವರ್ ಅವನತ್ತ ಹೊರಳಿದ.

"ಯಾವ ಮೀನು?" ಎಂದ ಹಾಲ್ವರ್.

"ನಂಗೇನ್ ಗೊತ್ತು, ಅದಕ್ಕೆ ಹೆಸರಿಟ್ಟಿದ್ದೀಯಾ? ದೊಡ್ಡದು. ನನ್ನ ಕಟ್ಟೆ ಕೆಳಗೆ, ನೆರಳಲ್ಲಿ, ಅದರಪ್ಪನ ಮನೆ ಥರ ಬಿದ್ಕೊಂಡಿತ್ತು. ಬ್ರೆಡ್ಡು ಹಾಕ್ತಿದ್ದೆ. ಹೊರಳಿ ಗಬಕ್ ಅಂತ ಬಾಯಿ ಹಾಕ್ತು. ನಾನು ಕ್ಲಬ್ಬಿನ ಮೇಲೆ ದೂರು ಕೊಡೋನೇ."

"ರೆಕ್ಕೆ?" ಹಾಲ್ವರ್ ದಿಂಬಿನಿಂದ ತಲೆ ಎತ್ತಿದ್ದ. "ರೆಕ್ಕೆ ನೋಡಿದ್ಯಾ?"

"ನೋಡ್ದೆ. ಹೊಟ್ಟೆ ಕೆಳಗಿಂದು. ಎಡಗಡೆ ಮೊಂಡು."

ಹಾಲ್ವರ್ ಅವನನ್ನೇ ನೋಡಿದ. ಬಹಳ ಹೊತ್ತು ನೋಡಿದ. ಡೆಲ್ಬರ್ಟ್ ಕಣ್ಣು ಮಿಟುಕಿಸಲಿಲ್ಲ, ಅವನ ಕಿವಿ ಕೆಂಪಾಗಲೂ ಇಲ್ಲ. ಆಮೇಲೆ ಹಾಲ್ವರ್ ಪಕ್ಕದ ದಿಂಬನ್ನು ಹೊಲಿಗೆ ಹಾಕಿದ ಎದೆಗೆ ಅವುಚಿಕೊಂಡು ನಗತೊಡಗಿದ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಗುತ್ತಿದ್ದ.

"ಅದೇನು ಪೈ?" ಎಂದ.

"ರೂಬಾರ್ಬು ದಂಟಿಂದು. ನನ್ನ ಹೆಂಡ್ತಿ ಕೊಟ್ಟಿದ್ದು. ನಾನಾಗಿದ್ರೆ ತರ್ತಿರ್ಲಿಲ್ಲ."

ಹಾಲ್ವರ್ ಒಂದು ತುಂಡು ತಿಂದ. ನಂತರ ಕಾಲನ್ನು ಮಂಚದಿಂದ ಕೆಳಗಿಳಿಸಿ "ನನ್ನ ಚಪ್ಪಲಿ ಎಲ್ಲಿ?" ಎಂದು ಕೇಳಿದ. ಒಂದು ಕಡೆ ನಾನು, ಇನ್ನೊಂದು ಕಡೆ ಡೆಲ್ಬರ್ಟ್. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಿಟಕಿಯವರೆಗೂ ನಡೆದೆವು.

ಮುಂದಿನ ವಾರ ಮನೆಗೆ ಕಳಿಸಿದರು. ನಾನು ಕಾರು ಓಡಿಸುತ್ತಿದ್ದೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಡೆಲ್ಬರ್ಟನ ಪಾತಿ ರಸ್ತೆಗೇ ಕಾಣುತ್ತದೆ, ಆ ಮಣ್ಣಿನ ಉಬ್ಬು ಇನ್ನೂ ಇಳಿದಿಲ್ಲ. ಮಾತಿನಲ್ಲಿ ಅವನ ಗಮನ ಸೆಳೆಯೋಣವೆಂದು ಆಸ್ಪತ್ರೆಯ ಬಿಲ್ಲು, ಮಳೆ, ಪಾದ್ರಿಯ ಕೆಮ್ಮು, ಎಲ್ಲವನ್ನೂ ಒದರಿದೆ.

"ನಿಧಾನ" ಎಂದ ಹಾಲ್ವರ್. "ಇಲ್ಲಿ ನಿಲ್ಲಿಸು."

ನಿಲ್ಲಿಸಿದೆ. ಅವನು ಕಿಟಕಿಯ ಗಾಜು ಇಳಿಸಿ, ಕುಂಬಳದ ಬಳ್ಳಿಗಳ ನಡುವೆ ಮೀನಿನಷ್ಟೇ ಉದ್ದಕ್ಕೆ ಉಬ್ಬಿದ್ದ ಆ ಮಣ್ಣನ್ನು ನೋಡಿದ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಕಟ್ಟೆ ಮೇಲೆ ನಿಂತೋನಿಗೆ ಹೊಟ್ಟೆ ಕೆಳಗಿನ ರೆಕ್ಕೆ ಎಲ್ಲಿ ಕಾಣುತ್ತೆ ಅರ್ಡಿಸ್?" ಎಂದ. "ಅದನ್ನ ಕೈಯಲ್ಲಿ ಎತ್ತಿದೋನಿಗೆ ಮಾತ್ರ ಗೊತ್ತಿರುತ್ತೆ."

"ಆಗಲೇ ಗೊತ್ತಿತ್ತಾ ನಿಂಗೆ?"

"ಗೊತ್ತಾಯ್ತು. ಆ ಬಡ್ಡೀಮಗ ನನ್ನ ಮುಖಕ್ಕೆ ಉಗಿಯೋಕೆ ಇಷ್ಟು ವರ್ಷ ಕಾದಿದ್ದ. ಉಗಿಯೋ ದಿನ ಬಂದಾಗ ಕೋಟು ಹಾಕ್ಕೊಂಡು ಬಂದು ಸುಳ್ಳು ಹೇಳ್ದ." ಅವನು ಟೋಪಿಯ ಅಂಚನ್ನು ಬೆರಳಲ್ಲಿ ಸವರಿದ. "ಅಂಥೋನ ಮುಂದೆ ಮಲಗಿರೋಕೆ ನಾಚಿಕೆ ಆಯ್ತು ಕಣೇ. ಎದ್ದೆ."

ಸ್ಟೀರಿಂಗಿಗೆ ತಲೆಯಿಟ್ಟು ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಅವನು ನನ್ನ ಬೆನ್ನು ತಟ್ಟುತ್ತ, ಡೆಲ್ಬರ್ಟನ ಅಳಿಯನ ಫೋನ್ ನಂಬರು ನಮ್ಮ ಮನೆಯಲ್ಲಿ ಇದೆಯೇ ಎಂದು ಕೇಳಿದ.